ಗದ್ದೆ ತುಂಬ ನೀರು ನಿಂತಷ್ಟೂ ಭತ್ತ ಹೆಚ್ಚುತ್ತಾ? 600 ವರ್ಷಗಳ ಹಿಂದೆ ರೈತರನ್ನೇ ಕೇಳಿದ ರಾಜ ಸೆಜೋಂಗ್

ಭತ್ತದ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಮಾತು ಆಗಾಗ ಹರಿದಾಡುತ್ತವೆ. ಒಂದು, ಭತ್ತ ನೀರಿನ ಗಿಡ, ಗದ್ದೆಯಲ್ಲಿ ನೀರು ಎಷ್ಟು ಆಳ ನಿಂತರೆ ಇಳುವರಿ ಅಷ್ಟು ಜಾಸ್ತಿ. ಇನ್ನೊಂದು, ಒಂದು ಊರಲ್ಲಿ ಚೆನ್ನಾಗಿ ಬಂದ ಪದ್ಧತಿ ಎಲ್ಲ ಊರಿಗೂ ಸರಿ, ಕಣ್ಣು ಮುಚ್ಚಿ ಮಾಡಿ. ಎರಡೂ ತಪ್ಪು. ಇದು ಇವತ್ತಿನ ವಿಜ್ಞಾನ ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಸುಮಾರು 600 ವರ್ಷಗಳ ಹಿಂದೆಯೇ ಕೊರಿಯಾದ ಒಬ್ಬ ರಾಜ ಈ ಪ್ರಶ್ನೆಗಳ ಹಿಂದೆ ಬಿದ್ದಿದ್ದ. ಅವನ ಹೆಸರು ಸೆಜೋಂಗ್.

ಕೊರಿಯನ್ ಸೀರಿಯಲ್ ನೋಡುವವರಿಗೆ ಈ ಹೆಸರು ಗೊತ್ತಿರುತ್ತದೆ. ಕೊರಿಯನ್ನರು ಬರೆಯುವ ಹಂಗುಲ್ ಲಿಪಿ ರೂಪಿಸಿದವನು ಅವನೇ. ಸಿಯೋಲ್ ನಗರದ ನಡುವೆ ಅವನ ದೊಡ್ಡ ಪ್ರತಿಮೆ ಇದೆ, ಅಲ್ಲಿನ 10,000 ವೊನ್ ನೋಟಿನ ಮೇಲೆ ಅವನ ಚಿತ್ರವಿದೆ. ಆದರೆ ಲಿಪಿಯ ಕಥೆಯ ಮರೆಯಲ್ಲಿ ಅವನು ಮಣ್ಣು, ನೀರು, ಭತ್ತಕ್ಕಾಗಿ ಮಾಡಿದ ಕೆಲಸ ಮುಚ್ಚಿಹೋಗಿದೆ. ಈ ಲೇಖನ ಆ ಕೆಲಸದ ಬಗ್ಗೆ.

ಮೂರನೇ ಮಗ ರಾಜನಾದ

ಸೆಜೋಂಗ್ ಹುಟ್ಟಿದ್ದು 1397ರಲ್ಲಿ, ಇಂದಿನ ಸಿಯೋಲ್‌ನಲ್ಲಿ. ಹುಟ್ಟಿದಾಗಿನ ಹೆಸರು ಯಿ ದೊ. ಅವನ ಅಜ್ಜ ಜೋಸನ್ ರಾಜವಂಶ ಸ್ಥಾಪಿಸಿ ಆಗ ಐದು ವರ್ಷವಷ್ಟೇ ಆಗಿತ್ತು. ತಂದೆ ತೇಜೋಂಗ್‌ನ ಮಕ್ಕಳಲ್ಲಿ ಇವನು ಮೂರನೆಯವನು, ಹಾಗಾಗಿ ಪಟ್ಟ ಇವನಿಗೆ ಬರಬೇಕಿರಲಿಲ್ಲ. ಹಿರಿಯ ಅಣ್ಣನ ನಡವಳಿಕೆ ಸರಿಯಿಲ್ಲವೆಂದು ತಂದೆ ಅವನನ್ನು ಯುವರಾಜ ಪಟ್ಟದಿಂದ ಇಳಿಸಿ, ಓದಿನ ಹುಚ್ಚಿದ್ದ ಮೂರನೇ ಮಗನನ್ನು ಆರಿಸಿದ. 1418ರಲ್ಲಿ, 21ರ ಹರೆಯದಲ್ಲಿ, ಸೆಜೋಂಗ್ ರಾಜನಾದ. ಆದರೂ 1422ರಲ್ಲಿ ತೀರಿಕೊಳ್ಳುವ ತನಕ ಸೈನ್ಯದ ಹಿಡಿತವನ್ನು ತಂದೆ ಬಿಟ್ಟುಕೊಡಲಿಲ್ಲ.

ಆಳ್ವಿಕೆಯ ಮೊದಲ ವರ್ಷಗಳಲ್ಲೇ ಮೇಲಿಂದ ಮೇಲೆ ಬರ ಬಂತು. ಕೊರಿಯಾದ ಮಳೆಯ ಲೆಕ್ಕ ನಮ್ಮ ಮುಂಗಾರಿನ ಹಾಗೆಯೇ. ವರ್ಷದ ಮಳೆಯ ಹೆಚ್ಚಿನ ಪಾಲು ಬೇಸಿಗೆಯ ಕೆಲವೇ ವಾರಗಳಲ್ಲಿ ಸುರಿಯುತ್ತದೆ. ಬಿತ್ತನೆಯ ಹೊತ್ತಿನ ವಸಂತ ಮಾತ್ರ ಬಹಳ ಸಲ ಒಣಗಿಯೇ ಇರುತ್ತದೆ. ಬಿತ್ತುವಾಗ ನೀರಿಲ್ಲ, ಬೆಳೆ ನಿಂತಾಗ ಪ್ರವಾಹ. ಹಸಿದ ಜನರಿಗೆ ಸರ್ಕಾರಿ ಕಣಜ ತೆರೆಯುವುದು, ಕಂದಾಯ ಬಿಡುವುದು, ಇದರಲ್ಲೇ ವರ್ಷಗಳು ಕಳೆದವು. ಕಣಜ ಎಷ್ಟು ದಿನ ತಾನೇ ಬರುತ್ತದೆ? ಇರುವ ಹೊಲದಲ್ಲೇ ಬೆಳೆ ಹೆಚ್ಚಿಸುವ ದಾರಿ ಬೇಕಿತ್ತು.

ಎರವಲು ಪುಸ್ತಕ, ಬೇರೆ ಮಣ್ಣು

ಆಗ ಕೊರಿಯಾದ ಅಧಿಕಾರಿಗಳ ಕೈಯಲ್ಲಿದ್ದದ್ದು ಚೀನಾದ ಕೃಷಿ ಪುಸ್ತಕಗಳು. 1273ರಲ್ಲಿ ಅಲ್ಲಿನ ಯುವಾನ್ ಆಡಳಿತ ಸಿದ್ಧಪಡಿಸಿದ ಒಂದು ಗ್ರಂಥ ಬಹಳ ಬಳಕೆಯಲ್ಲಿತ್ತು. ಆದರೆ ಅದು ಮುಖ್ಯವಾಗಿ ಉತ್ತರ ಚೀನಾದ ಒಣ ಬಯಲಿನ ಬೇಸಾಯಕ್ಕೆ ಬರೆದದ್ದು. ಅಲ್ಲಿ ಗಾಳಿ ತಂದು ಸುರಿದ ನಯವಾದ ಹಳದಿ ಮಣ್ಣು, ಕಿರುಧಾನ್ಯದ ಬೆಳೆ. ಕೊರಿಯಾದ ದಕ್ಷಿಣದಲ್ಲಿ ಕೆಸರು ಗದ್ದೆ, ಉತ್ತರದಲ್ಲಿ ಗುಡ್ಡಗಾಡಿನ ತೆಳು ಮಣ್ಣು. ಅಲ್ಲಿಯ ಸಲಹೆ ಇಲ್ಲಿ ನಡೆಯುವುದು ಹೇಗೆ?

1428ರಲ್ಲಿ ಸೆಜೋಂಗ್ ಒಂದು ಸರಳ ಆದೇಶ ಕೊಟ್ಟ. ಚೆನ್ನಾಗಿ ಭತ್ತ ಬೆಳೆಯುವ ದಕ್ಷಿಣದ ಮೂರು ಪ್ರಾಂತಗಳಾದ ಗ್ಯೋಂಗ್‌ಸಾಂಗ್, ಜೋಲ್ಲಾ ಮತ್ತು ಚುಂಗ್‌ಚೋಂಗ್‌ನ ಅಧಿಕಾರಿಗಳು ಅನುಭವಸ್ಥ ಮುದಿ ರೈತರ ಬಳಿ ಹೋಗಿ, ಅವರು ಯಾವ ಮಣ್ಣಿಗೆ ಏನು ಮಾಡುತ್ತಾರೆ ಎಂದು ಕೇಳಿ ಬರೆದು ಕಳಿಸಬೇಕು. ಪಂಡಿತರ ದೇಶದಲ್ಲಿ ಪಂಡಿತರನ್ನು ಬಿಟ್ಟು ರೈತರನ್ನು ಕೇಳುವುದು ಸಣ್ಣ ಮಾತಾಗಿರಲಿಲ್ಲ.

ಹೀಗೆ ಬಂದ ವರದಿಗಳನ್ನು ಜೋಂಗ್ ಚೋ ಮತ್ತು ಬ್ಯೋನ್ ಹ್ಯೋ ಮುನ್ ಎಂಬ ಇಬ್ಬರು ಅಧಿಕಾರಿಗಳು ಸೋಸಿ ಜೋಡಿಸಿದರು. 1429ರಲ್ಲಿ ನೋಂಗ್ಸಾ ಜಿಕ್‌ಸೋಲ್ ಎಂಬ ಪುಟ್ಟ ಪುಸ್ತಕ ಸಿದ್ಧವಾಯಿತು. ಬೇಸಾಯದ ನೇರ ಮಾತು ಎಂದು ಅದರ ಹೆಸರನ್ನು ಅರ್ಥ ಮಾಡಿಕೊಳ್ಳಬಹುದು. ಮರುವರ್ಷ ಅದನ್ನು ಅಚ್ಚು ಹಾಕಿಸಿ ಪ್ರಾಂತಗಳಿಗೆ ಹಂಚಲಾಯಿತು. ಒಂದೊಂದು ಸೀಮೆಯ ಮಣ್ಣು, ಹವೆ ಬೇರೆ ಇರುವುದರಿಂದ ಹಳೆಯ ಪುಸ್ತಕವನ್ನೇ ನಂಬಿ ಕೂರಲಾಗದು ಎಂಬುದು ಅದರ ಮುನ್ನುಡಿಯ ಸಾರ.

ಪುಸ್ತಕ ಹೇಳಿದ ಮೂರು ದಾರಿ

ಭತ್ತ ಬೆಳೆಯಲು ಪುಸ್ತಕ ಒಂದೇ ದಾರಿ ಹೇಳಲಿಲ್ಲ. ನೀರು ಮತ್ತು ಮಣ್ಣು ನೋಡಿ ಮೂರು ದಾರಿ ಕೊಟ್ಟಿತು.

ಮೊದಲನೆಯದು, ನೀರು ಕಟ್ಟಿದ ಕೆಸರಿನಲ್ಲಿ ಮೊಳಕೆ ಬೀಜ ಬಿತ್ತುವುದು. ಎರಡನೆಯದು, ವಸಂತದಲ್ಲಿ ಮಳೆ ಬಾರದೆ ಕೆಸರು ಮಾಡಲಾಗದಿದ್ದರೆ ಒಣ ನೆಲದಲ್ಲೇ ಬಿತ್ತುವುದು. ಇದಕ್ಕೆ ತಡವಾಗಿ ಮಾಗುವ ತಳಿಯೇ ಆಗಬೇಕು. ಮೂರನೆಯದು, ಸಸಿಮಡಿ ಮಾಡಿ ನಾಟಿ ಹಾಕುವುದು. ನಮ್ಮ ರಾಜ್ಯದಲ್ಲೂ ಈ ಮೂರೂ ಇವೆ. ಕಾಲುವೆ ಕೆಳಗೆ ನಾಟಿ, ಕೆಲವು ಕಡೆ ಕೆಸರಿನಲ್ಲಿ ಮೊಳಕೆ ಬಿತ್ತನೆ, ಧಾರವಾಡ, ಹಾವೇರಿ ಕಡೆ ಮಳೆಯನ್ನೇ ನಂಬಿದ ಕೂರಿಗೆ ಭತ್ತ.

ನಾಟಿಯ ಬಗ್ಗೆ ಪುಸ್ತಕ ಎಚ್ಚರಿಕೆ ಕೊಟ್ಟಿತ್ತು ಎಂಬುದು ಇವತ್ತಿನವರಿಗೆ ವಿಚಿತ್ರ ಅನಿಸಬಹುದು. ನಾಟಿ ಮಾಡಿದರೆ ಕಳೆ ತೆಗೆಯುವುದು ಸುಲಭ, ನಿಜ. ಆದರೆ ನಾಟಿಯ ಹೊತ್ತಿಗೆ ಮಳೆ ಕೈಕೊಟ್ಟರೆ ಸಸಿ ಮಡಿಯಲ್ಲೇ ಮುದಿಯಾಗಿ ಇಡೀ ವರ್ಷದ ಬೆಳೆ ಹೋಗುತ್ತದೆ. ಆದ್ದರಿಂದ ಬರಗಾಲದಲ್ಲೂ ನೀರು ಬತ್ತದ ಜಾಗದಲ್ಲಷ್ಟೇ ನಾಟಿ ಮಾಡಿ ಎಂದಿತು. ಆ ಕಾಲದ ಸರ್ಕಾರ ನಾಟಿಗೆ ನಿರ್ಬಂಧವನ್ನೂ ಹಾಕಿತ್ತು. ಕೆರೆ, ಕಟ್ಟೆ ಹೆಚ್ಚಾದ ಮೇಲೆ, 17 ಮತ್ತು 18ನೇ ಶತಮಾನದಲ್ಲಿ, ನಾಟಿ ಅಲ್ಲಿ ವ್ಯಾಪಕವಾಯಿತು. ಅಂದರೆ ಪದ್ಧತಿ ಕೆಟ್ಟದ್ದಲ್ಲ, ಅದಕ್ಕೆ ತಕ್ಕ ನೀರು ಮೊದಲು ಬೇಕಿತ್ತು.

ಮಣ್ಣಿನ ಬಗ್ಗೆಯೂ ಹಾಗೆಯೇ. ಸಾರವಿಲ್ಲದ ನೆಲಕ್ಕೆ ದನ, ಕುದುರೆ ಗೊಬ್ಬರ ಮತ್ತು ಮರದ ಎಲೆ ಸಮೇತ ಕೊಂಬೆ. ಸದಾ ಜೌಗಾಗಿ, ಸಡಿಲವಾಗಿ ಅಥವಾ ತಣ್ಣೀರು ನಿಂತು ಕೆಟ್ಟ ಗದ್ದೆಗೆ ಬೇರೆ ಕಡೆಯಿಂದ ಹೊಸ ಮಣ್ಣು. ಒಂದೇ ಔಷಧಿ ಎಲ್ಲ ರೋಗಕ್ಕಲ್ಲ ಎಂಬ ಹಾಗೆ.

ನೀರು ಜಾಸ್ತಿ ನಿಂತರೆ ಏನಾಗುತ್ತದೆ?

ಪುಸ್ತಕದ ಇನ್ನೊಂದು ಸಲಹೆ ನಮ್ಮ ಮೊದಲ ಫಾರ್ವರ್ಡ್‌ಗೆ ನೇರ ಉತ್ತರ. ಕಳೆ ತೆಗೆದ ಮೇಲೆ ಗದ್ದೆಯ ನೀರು ಬಸಿದು, ಒಂದೆರಡು ದಿನ ಬೇರಿಗೆ ಬಿಸಿಲು ತಾಗಲು ಬಿಟ್ಟು, ಆಮೇಲೆ ಮತ್ತೆ ನೀರು ಕಟ್ಟಬೇಕು. ಹಾಗೆ ಮಾಡಿದ ಪೈರು ಗಾಳಿಗೂ ಬರಕ್ಕೂ ತಡೆದುಕೊಳ್ಳುತ್ತದೆ ಎಂಬುದು ರೈತರ ಅನುಭವವಾಗಿತ್ತು.

ಇದರ ಕಾರಣ ಇವತ್ತು ಗೊತ್ತು. ಭತ್ತದ ಕಾಂಡ ಮತ್ತು ಬೇರಿನಲ್ಲಿ ಗಾಳಿ ಹೋಗುವ ಟೊಳ್ಳು ನಾಳಗಳಿವೆ. ಎಲೆಯ ಕಡೆಯಿಂದ ಆಮ್ಲಜನಕ ಬೇರಿಗೆ ಇಳಿಯುತ್ತದೆ, ಹಾಗಾಗಿ ಬೇರೆ ಬೆಳೆಗಳು ಕೊಳೆಯುವ ಕೆಸರಿನಲ್ಲಿ ಭತ್ತ ಬದುಕುತ್ತದೆ. ಭತ್ತ ನೀರನ್ನು ತಾಳಿಕೊಳ್ಳುತ್ತದೆ, ಆದರೆ ಆಳವಾದ ನೀರು ಅದಕ್ಕೆ ಬೇಕೇ ಬೇಕು ಎಂದಲ್ಲ. ನಿಂತ ನೀರಿನಿಂದ ರೈತರಿಗೆ ಸಿಗುವ ದೊಡ್ಡ ಲಾಭ ಎಂದರೆ ಕಳೆ ಕಡಿಮೆಯಾಗುವುದು. ಜೊತೆಗೆ ಮಣ್ಣಿನ ಹುಳಿ ಅಥವಾ ಕ್ಷಾರ ಸಮಸ್ಥಿತಿಗೆ ಹತ್ತಿರ ಬರುತ್ತದೆ, ರಂಜಕ ಸುಲಭವಾಗಿ ಸಿಗುತ್ತದೆ.

ಆದರೆ ಎಳೆ ಪೈರಿಗೆ ನೀರು ಆಳವಾದರೆ ತೆಂಡೆ ಒಡೆಯುವುದು ಕಡಿಮೆಯಾಗುತ್ತದೆ. ತೆಂಡೆ ಕಡಿಮೆಯಾದರೆ ತೆನೆ ಕಡಿಮೆ. ನೀರು ಬಹಳ ದಿನ ಅಲುಗಾಡದೆ ನಿಂತ ಮಣ್ಣಿನಲ್ಲಿ ಆಮ್ಲಜನಕ ಮುಗಿದು, ಕೆಲವು ಮಣ್ಣುಗಳಲ್ಲಿ ಕಬ್ಬಿಣದ ಅಂಶ ವಿಷದ ಮಟ್ಟಕ್ಕೆ ಕರಗುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟಿ ಬೇರು ಕಪ್ಪಾಗುತ್ತದೆ. ನೀರು ಬಸಿದು ಗಾಳಿ ಬಿಟ್ಟರೆ ಇದಕ್ಕೆ ತಡೆ.

ಫಿಲಿಪೈನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇವತ್ತು ಹೇಳುವುದೂ ಇದಕ್ಕೆ ದೂರವಿಲ್ಲ. ನಾಟಿಯ ನಂತರ ಸುಮಾರು 3 ಸೆಂ.ಮೀ. ನೀರು, ಪೈರು ಎತ್ತರವಾದಂತೆ 5ರಿಂದ 10 ಸೆಂ.ಮೀ. ಸಾಕು. ಒಮ್ಮೆ ಕಟ್ಟಿ, ಒಮ್ಮೆ ಆರಲು ಬಿಡುವ ಪದ್ಧತಿಯಲ್ಲಿ ನೀರಿನ ಮಟ್ಟ ನೆಲದಿಂದ 15 ಸೆಂ.ಮೀ. ಕೆಳಗೆ ಇಳಿಯುವ ತನಕ ಕಾಯಬಹುದು. ತೂತು ಕೊರೆದ ಕೊಳವೆಯೊಂದನ್ನು ಗದ್ದೆಯಲ್ಲಿ ಹೂತು ಆ ಮಟ್ಟ ನೋಡುತ್ತಾರೆ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆ ಒಣಗಬಾರದು, ಒಣಗಿದರೆ ಕಾಳು ಜೊಳ್ಳಾಗುತ್ತದೆ. ಸರಿಯಾಗಿ ಮಾಡಿದರೆ ಇಳುವರಿ ಕಡಿಮೆಯಾಗದೆ 30% ತನಕ ನೀರು ಉಳಿಯುತ್ತದೆ.

ರಾಜ ಸೋತ ಒಂದು ಪ್ರಯೋಗ

ಸೆಜೋಂಗ್ ಕೈ ಹಾಕಿದ್ದೆಲ್ಲ ಗೆದ್ದಿತು ಎಂದು ಬರೆಯುವ ಪೋಸ್ಟ್‌ಗಳಿವೆ. ಅದು ನಿಜವಲ್ಲ. 1429ರಲ್ಲಿ ಜಪಾನಿಗೆ ಹೋಗಿ ಬಂದ ಪಾಕ್ ಸೋ ಸೇಂಗ್ ಎಂಬ ರಾಯಭಾರಿ, ಅಲ್ಲಿ ನೀರೆತ್ತುವ ಚಕ್ರಗಳಿಂದ ಗದ್ದೆಗೆ ನೀರು ಹಾಯಿಸುತ್ತಾರೆ ಎಂದು ವರದಿ ಮಾಡಿದ. ರಾಜನಿಗೆ ಅದು ಬಹಳ ಹಿಡಿಸಿತು. ಚಕ್ರಗಳನ್ನು ಮಾಡಿಸಿ, ಅಧಿಕಾರಿಗಳನ್ನು ಕಳಿಸಿ, ವರ್ಷಗಟ್ಟಲೆ ಪ್ರಯತ್ನಿಸಿದ.

ಆದರೆ ಚಕ್ರ ತುಳಿಯಲು ಬಹಳ ಜನ ಬೇಕು, ಎತ್ತಿದ ನೀರೂ ಸಡಿಲ ಮಣ್ಣಿನಲ್ಲಿ ಇಂಗಿಹೋಗುತ್ತದೆ ಎಂಬ ವರದಿಗಳು ಬಂದವು. ಕೊನೆಗೆ ಆ ಯೋಜನೆ ಕೈಬಿಡಬೇಕಾಯಿತು.

ಇಲ್ಲಿ ಸೋಲಿಸಿದ್ದು ಮಣ್ಣು. ಲೆಕ್ಕ ನೋಡಿ. ಜಿಗುಟಾದ ಜೇಡಿ ಮಣ್ಣಿನ ಗದ್ದೆಯಲ್ಲಿ ದಿನಕ್ಕೆ 1ರಿಂದ 5 ಮಿ.ಮೀ. ನೀರು ಕೆಳಗೆ ಮತ್ತು ಬದುವಿನ ಪಕ್ಕಕ್ಕೆ ಸೋರುತ್ತದೆ. ಮರಳು ಮಿಶ್ರಿತ ಮಣ್ಣಿನಲ್ಲಿ ಅದು ದಿನಕ್ಕೆ 25ರಿಂದ 30 ಮಿ.ಮೀ. ಆಗಬಹುದು. ಅಂದರೆ 5 ಸೆಂ.ಮೀ. ನೀರು ಕಟ್ಟಿದರೆ ಜೇಡಿಯಲ್ಲಿ ಸೋರಿಕೆಯಿಂದ ಖಾಲಿಯಾಗಲು ಹತ್ತು ದಿನ ಅಥವಾ ಹೆಚ್ಚು ಬೇಕು, ಮರಳು ನೆಲದಲ್ಲಿ ಎರಡೇ ದಿನ ಸಾಕು. ನೀರಿನ ಜೊತೆ ಸಾರಜನಕದ ಗೊಬ್ಬರವೂ ತೊಳೆದುಹೋಗುತ್ತದೆ. ಎರಡೂ ಗದ್ದೆಗೆ ಒಂದೇ ಸಲಹೆ ಕೊಟ್ಟರೆ ಒಬ್ಬ ರೈತನಿಗೆ ನಷ್ಟ ಖಚಿತ. ಗದ್ದೆಯನ್ನು ಕೆಸರು ಮಾಡಿ ತುಳಿಸುವುದೂ ಇದಕ್ಕೇ, ಅಡಿಯಲ್ಲಿ ಗಟ್ಟಿ ಪದರ ಕೂತು ಸೋರಿಕೆ ಕಡಿಮೆಯಾಗಲಿ ಎಂದು.

1,72,806 ಜನರನ್ನು ಕೇಳಿದ ಕಂದಾಯದ ಪ್ರಶ್ನೆ

ಮಣ್ಣಿನ ವ್ಯತ್ಯಾಸ ಅತಿ ಹೆಚ್ಚು ನೋಯಿಸುತ್ತಿದ್ದದ್ದು ಕಂದಾಯ ಕಟ್ಟುವಾಗ. ಬೆಳೆ ಎಷ್ಟು ಬಂದಿದೆ ಎಂದು ಪ್ರತಿ ವರ್ಷ ಅಧಿಕಾರಿ ಬಂದು ನೋಡಿ ಕಂದಾಯ ಹಾಕುತ್ತಿದ್ದ. ಅವನ ಕಣ್ಣಿಗೆ ಬಿದ್ದದ್ದೇ ಲೆಕ್ಕ. ಲಂಚ, ಪಕ್ಷಪಾತಕ್ಕೆ ಬಾಗಿಲು ತೆರೆದಿತ್ತು. ಅದರ ಬದಲು ಇಷ್ಟು ಭೂಮಿಗೆ ಇಷ್ಟು ಎಂದು ನಿಗದಿ ಮಾಡೋಣವೇ ಎಂಬ ಯೋಚನೆ ಬಂತು.

1430ರಲ್ಲಿ ಸೆಜೋಂಗ್ ಆ ಯೋಜನೆಯ ಬಗ್ಗೆ ಅಧಿಕಾರಿಗಳಿಂದ ಹಿಡಿದು ಸಾಮಾನ್ಯ ರೈತರ ತನಕ ಅಭಿಪ್ರಾಯ ಕೇಳಿಸಿದ. 98,657 ಮಂದಿ ಒಪ್ಪಿದರು, 74,149 ಮಂದಿ ಬೇಡ ಎಂದರು. ಕುತೂಹಲದ ಸಂಗತಿ ಎಂದರೆ ಅಭಿಪ್ರಾಯ ಒಡೆದದ್ದು ಮಣ್ಣಿನ ಗೆರೆಯ ಮೇಲೆ. ಫಲವತ್ತಾದ ದಕ್ಷಿಣದ ಬಯಲಿನವರು ಹೆಚ್ಚಾಗಿ ಒಪ್ಪಿದರು. ಉತ್ತರದ ಗುಡ್ಡಗಾಡಿನವರು ಹೆಚ್ಚಾಗಿ ವಿರೋಧಿಸಿದರು. ಒಳ್ಳೆ ಮಣ್ಣಿನವನಿಗೆ ಹಗುರವಾದ ನಿಗದಿ ಕಂದಾಯ, ಕಲ್ಲು ನೆಲದವನಿಗೆ ಹೊರೆ.

ಬಹುಮತ ಸಿಕ್ಕಿತ್ತು. ಅಂದೇ ಜಾರಿ ಮಾಡಬಹುದಿತ್ತು. ಸೆಜೋಂಗ್ ಮಾಡಲಿಲ್ಲ. ಚರ್ಚೆ, ಪ್ರಯೋಗ, ತಿದ್ದುಪಡಿ ಎಂದು ಇನ್ನೂ 14 ವರ್ಷ ಹಿಡಿಯಿತು. 1444ರಲ್ಲಿ ಬಂದ ಅಂತಿಮ ಕಾನೂನಿನಲ್ಲಿ ಭೂಮಿಯ ಫಲವತ್ತತೆಗೆ 6 ದರ್ಜೆ, ಆ ವರ್ಷದ ಬೆಳೆಗೆ 9 ದರ್ಜೆ ಇದ್ದವು. ಗ್ಯೋಲ್ ಎಂಬ ಅಳತೆಯ ಭೂಮಿಗೆ ತುಂಬ ಒಳ್ಳೆ ವರ್ಷ 20 ದು, ತುಂಬ ಕೆಟ್ಟ ವರ್ಷ 4 ದು ಧಾನ್ಯ ಕಂದಾಯ. ದು ಎಂದರೆ ನಮ್ಮ ಕೊಳಗದ ಹಾಗೆ ಧಾನ್ಯ ಅಳೆಯುವ ಮಾನ.

ಇದರಲ್ಲಿ ಜಾಣತನ ಇದ್ದದ್ದು ಗ್ಯೋಲ್ ಎಂಬ ಅಳತೆಯಲ್ಲಿ. ಅದು ಎಲ್ಲ ಕಡೆ ಒಂದೇ ವಿಸ್ತೀರ್ಣವಲ್ಲ. ಆರನೇ ದರ್ಜೆಯ ನೆಲದ ಒಂದು ಗ್ಯೋಲ್, ಮೊದಲ ದರ್ಜೆಯ ಗ್ಯೋಲ್‌ಗಿಂತ ನಾಲ್ಕು ಪಟ್ಟು ದೊಡ್ಡದು. ಕೆಟ್ಟ ಮಣ್ಣಿನಲ್ಲಿ ಅಷ್ಟೇ ಬೆಳೆ ತೆಗೆಯಲು ನಾಲ್ಕರಷ್ಟು ನೆಲ ಬೇಕು ಎಂದು ಸರ್ಕಾರವೇ ಒಪ್ಪಿಕೊಂಡಂತೆ. ಇದೂ ಶಾಶ್ವತವಾಗಿ ಸರಿಯಾಗಿ ನಡೆಯಲಿಲ್ಲ. ಮುಂದಿನ ಕಾಲದಲ್ಲಿ ವರ್ಷದ 9 ದರ್ಜೆಗಳನ್ನು ಯಾರೂ ಲೆಕ್ಕ ಹಾಕದೆ, ಕನಿಷ್ಠ ಕಂದಾಯವೇ ರೂಢಿಯಾಯಿತು.

ಮಳೆಗೆ ಅಳತೆ ಪಾತ್ರೆ

ಅಲ್ಲಿ ಮಳೆ ಬಿದ್ದಾಗ ಅಧಿಕಾರಿಗಳು ನೆಲ ಅಗೆದು, ಎಷ್ಟು ಆಳ ಹಸಿಯಾಗಿದೆ ಎಂದು ವರದಿ ಕಳಿಸಬೇಕಿತ್ತು. ಎಷ್ಟು ಹಸಿ ಇಳಿದಿದೆ ಎಂದು ನಮ್ಮ ರೈತರೂ ಅಗೆದು ನೋಡುತ್ತಾರೆ. ಬಿತ್ತನೆಯ ಹದ ನೋಡಲು ಅದು ಸರಿ, ಮಳೆ ಅಳೆಯಲು ಸರಿಯಲ್ಲ. 25 ಮಿ.ಮೀ. ಮಳೆ ಒಣ ಮರಳಿನಲ್ಲಿ ಸುಮಾರು ಒಂದು ಅಡಿ ಇಳಿದರೆ, ಒಣ ಜೇಡಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಇಳಿಯುತ್ತದೆ. ಮೊದಲೇ ಹಸಿ ಇದ್ದರೆ ಲೆಕ್ಕ ಮತ್ತೆ ಬೇರೆ. ಒಂದೇ ಮಳೆಗೆ ಊರಿಗೊಂದು ಉತ್ತರ.

1441ರ ಬರದ ಹೊತ್ತಿನಲ್ಲಿ ಈ ತೊಡಕನ್ನು ಗಮನಿಸಿದ್ದು ಸೆಜೋಂಗ್‌ನ ಹಿರಿಯ ಮಗ, ಮುಂದೆ ಮುಂಜೋಂಗ್ ಎಂಬ ಹೆಸರಿನಿಂದ ರಾಜನಾದವನು. ಅವನು ಅರಮನೆಯಲ್ಲಿ ತಾಮ್ರದ ಪಾತ್ರೆ ಇಟ್ಟು ಅದರಲ್ಲಿ ನಿಂತ ನೀರನ್ನು ಅಳೆದ. ರಾಜ ಅದನ್ನು ದೇಶದ ವ್ಯವಸ್ಥೆ ಮಾಡಿದ. 1442ರಲ್ಲಿ ಸುಮಾರು 30 ಸೆಂ.ಮೀ. ಎತ್ತರ, 14ರಿಂದ 15 ಸೆಂ.ಮೀ. ಅಗಲದ ಪಾತ್ರೆ ನಿಗದಿಯಾಯಿತು. ಚುಗುಗಿ ಎಂಬ ಹೆಸರಿನ ಈ ಮಳೆಮಾಪಕದಿಂದ ಪ್ರಾಂತ, ತಾಲ್ಲೂಕು ಮಟ್ಟದ ಕಚೇರಿಗಳು ಮಳೆ ಅಳೆದು ವರದಿ ಕಳಿಸಬೇಕೆಂದು ಆದೇಶವಾಯಿತು.

ಇಲ್ಲೂ ಎರಡು ಫಾರ್ವರ್ಡ್ ಸರಿಪಡಿಸಬೇಕು. ಚುಗುಗಿಯನ್ನು ಆಸ್ಥಾನದ ಪ್ರಸಿದ್ಧ ತಂತ್ರಜ್ಞ ಜಾಂಗ್ ಯೋಂಗ್ ಸಿಲ್ ಕಂಡುಹಿಡಿದ ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಆಸ್ಥಾನದ ದಿನಚರಿ ಹೆಸರಿಸುವುದು ಯುವರಾಜನನ್ನು. ಇದು ಲೋಕದ ಮೊದಲ ಮಳೆಮಾಪಕ ಎಂಬ ಮಾತೂ ಪೂರ್ತಿ ಸರಿಯಲ್ಲ. ನಮ್ಮ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ಮೊಳ ಬಾಯಗಲದ ಪಾತ್ರೆಯಿಂದ ಮಳೆ ಅಳೆಯುವ ಮಾತು ಅದಕ್ಕೂ ಬಹಳ ಮುಂಚೆಯೇ ಇದೆ. ಸೆಜೋಂಗ್ ಕಾಲದ ಹೆಚ್ಚುಗಾರಿಕೆ ಎಂದರೆ ಒಂದೇ ಅಳತೆಯ ಪಾತ್ರೆಯಿಂದ ಇಡೀ ದೇಶದ ಮಳೆ ದಾಖಲಿಸುವ ವ್ಯವಸ್ಥೆ.

ಕೊನೆಯ ವರ್ಷಗಳು

ಅಷ್ಟರಲ್ಲಿ ರಾಜನ ಆರೋಗ್ಯ ಕುಸಿದಿತ್ತು. ಕಣ್ಣು ಮಂಜಾಗಿತ್ತು, ಬಾಯಾರಿಕೆ ಅತಿಯಾಗಿತ್ತು. ಅವನಿಗೆ ಸಕ್ಕರೆ ಕಾಯಿಲೆ ಇದ್ದಿರಬಹುದು ಎಂದು ಈ ಲಕ್ಷಣಗಳನ್ನು ನೋಡಿ ಹಲವರು ಊಹಿಸುತ್ತಾರೆ. 1442ರ ಹೊತ್ತಿಗೆ ದಿನನಿತ್ಯದ ಆಡಳಿತದ ಬಹುಪಾಲು ಯುವರಾಜನ ಕೈಗೆ ಹೋಯಿತು.

ಬೇಸಾಯದ ಪುಸ್ತಕಕ್ಕೆ ಒಂದು ದೊಡ್ಡ ಕೊರತೆ ಇತ್ತು. ರೈತರ ಬಾಯಿಂದ ಬಂದ ಜ್ಞಾನ ಅಚ್ಚಾದದ್ದು ಚೀನೀ ಲಿಪಿಯಲ್ಲಿ. ಹೇಳಿದ ರೈತನೇ ಅದನ್ನು ಓದಲಾರ, ಅಧಿಕಾರಿ ಓದಿ ತಿಳಿಸಬೇಕು. 1443ರಲ್ಲಿ ಸೆಜೋಂಗ್ 28 ಅಕ್ಷರಗಳ ಹೊಸ ಲಿಪಿ ಸಿದ್ಧಪಡಿಸಿದ, 1446ರಲ್ಲಿ ಅದನ್ನು ಜನರಿಗೆ ಕೊಟ್ಟ. ಸಾಮಾನ್ಯರು ಕೆಲವೇ ದಿನಗಳಲ್ಲಿ ಕಲಿಯಬಹುದಾದ ಲಿಪಿ ಅದು. ಪಂಡಿತರು ಕೆಲವರು ಬಲವಾಗಿ ವಿರೋಧಿಸಿದರು. 1450ರಲ್ಲಿ, 52ನೇ ವಯಸ್ಸಿನಲ್ಲಿ, ಅವನು ತೀರಿಕೊಂಡ.

ಹಾಗಾದರೆ ನಾವು ತಿಳಿಯಬೇಕಾದದ್ದು?

ಭತ್ತಕ್ಕೆ ನೀರು ಜಾಸ್ತಿಯಾದಷ್ಟೂ ಒಳ್ಳೆಯದು ಎಂಬುದು ತಪ್ಪು. ಎಳೆ ಪೈರಿಗೆ ತೆಳು ನೀರು, ನಡುವೆ ಆರಲು ಬಿಡುವುದು, ಹೂವಿನ ಹೊತ್ತಿಗೆ ತಪ್ಪದೆ ನೀರು, ಇದು ಸರಿಯಾದ ಕ್ರಮ. ಆದರೆ ನೀರು ಕಡಿಮೆ ಮಾಡಿ ಎಂಬ ಫಾರ್ವರ್ಡ್ ಬಂದರೂ ಹಾಗೆಯೇ ನಂಬಬೇಡಿ. ಮರಳು ಮಣ್ಣಿನ ಗದ್ದೆ ಬೇಗ ಒಣಗುತ್ತದೆ, ಬೇಕಾದಾಗ ನೀರು ಸಿಗದ ಕಡೆ ಬಸಿದು ಬಿಟ್ಟರೆ ಬೆಳೆಯೇ ಹೋಗಬಹುದು, ನೀರು ಇಳಿದರೆ ಕಳೆಯೂ ಏಳುತ್ತದೆ. ನಿಮ್ಮ ಮಣ್ಣು ಯಾವುದು, ಕಟ್ಟಿದ ನೀರು ಎಷ್ಟು ದಿನ ನಿಲ್ಲುತ್ತದೆ, ಮುಂದಿನ ನೀರು ಯಾವಾಗ ಬರುತ್ತದೆ, ಈ ಮೂರು ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಯಾವ ಪದ್ಧತಿಗೂ ಹಾರಬೇಡಿ. ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ. ಅದೇ ಬಯಲಲ್ಲಿ ಹತ್ತಾರು ವರ್ಷ ಭತ್ತ ಬೆಳೆದ ಹಿರಿಯರನ್ನೂ ಕೇಳಿ.

ಮುಂದಿನ ಸಲ ಹೀಗೆ ಮಾಡಿ, ಬೆಳೆ ದುಪ್ಪಟ್ಟಾಗುತ್ತದೆ ಎಂಬ ವಿಡಿಯೋ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿ. ಯಾವ ಮಣ್ಣಿನಲ್ಲಿ, ಎಷ್ಟು ನೀರಿನಲ್ಲಿ? ವಿಡಿಯೋದಲ್ಲಿ ಅದಕ್ಕೆ ಉತ್ತರ ಇಲ್ಲದಿದ್ದರೆ ಅದನ್ನು ನಿಮ್ಮ ಫೋನಿನಲ್ಲೇ ನಿಲ್ಲಿಸಿ.